ಸಹಿ ಹಾಕುವ ಮುಂಚೆ ಈ ಪತ್ರ ಓದು

ನಂಜನಗೂಡು
ಭಾನುವಾರ ರಾತ್ರಿ

ಚಿ. ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು. ನಾನು ಇಲ್ಲಿ ಕ್ಷೇಮ. ಮಂಡಿ ನೋವು ಇದ್ದದ್ದೇ, ಅದನ್ನು ಬಿಡು.

ಬೆಳಿಗ್ಗೆ ಫೋನಿನಲ್ಲಿ ನೀನು ಆಡಿದ ಮಾತು ಊಟಕ್ಕೆ ಕೂತಾಗಲೂ ಬಿಡಲಿಲ್ಲ, ಮಧ್ಯಾಹ್ನ ಮಲಗಿದಾಗಲೂ ಬಿಡಲಿಲ್ಲ. ನಿನ್ನ ಅಪ್ಪನ ವರ್ಷದ ಕಾರ್ಯ ಮುಗಿದ ಮಾರನೇ ದಿನವೇ ನೀನೂ ಅಮ್ಮನೂ ಸಬ್ ರಿಜಿಸ್ಟ್ರಾರ್ ಆಫೀಸಿಗೆ ಹೋಗಿ, ಮೈಸೂರಿನ ಮನೆಯ ರಿಲೀಸ್ ಡೀಡಿಗೆ, ಅಂದರೆ ಹಕ್ಕು ಬಿಟ್ಟುಕೊಡುವ ಪತ್ರಕ್ಕೆ, ಸಹಿ ಹಾಕುತ್ತೀರಿ ಅಂದೆ. "ಖಾತೆ ಅಣ್ಣನ ಹೆಸರಿಗೆ ಆಗಬೇಕಲ್ಲ ದೊಡ್ಡಮ್ಮ, ಸುಮ್ನೆ ಒಂದು ಫಾರ್ಮಾಲಿಟಿ" ಅಂದೆ. ಓದಿದೆಯಾ ಅಂತ ಕೇಳಿದೆ. "ಆರು ಪುಟ ಇದೆ, ವಾಟ್ಸಾಪಿನಲ್ಲಿ ಬಂದಿದೆ, ನೋಡಿಲ್ಲ" ಅಂದೆ. ನಾನು ಸುಮ್ಮನಾದೆ. ಆಗ ನೀನೇ, "ಆಗಿನ ಕಾಲದ ಹೆಂಗಸರು ಪಾಲು ಗೀಲು ಅಂತ ಕೇಳ್ತಾನೇ ಇರ್ಲಿಲ್ಲ, ಅದಕ್ಕೇ ಅಣ್ಣ ತಂಗಿ ಚೆನ್ನಾಗಿರ್ತಿದ್ರು, ಅಲ್ವಾ?" ಅಂದೆ.

ಅಲ್ಲ ಪುಟ್ಟಿ. ಹಾಗಿರಲಿಲ್ಲ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯವಲ್ಲ ಅಂತ ಬರೆಯಲು ಕೂತಿದ್ದೇನೆ. ನೀನು ಸಹಿ ಹಾಕಬೇಡ ಅಂತ ಹೇಳುವುದಕ್ಕೆ ಅಲ್ಲ. ಹಾಕುವುದಾದರೆ ಏನು ಬಿಟ್ಟುಕೊಡುತ್ತಿದ್ದೀಯ, ಅದು ನಿನ್ನ ಕೈಗೆ ಬರುವುದಕ್ಕೆ ಎಷ್ಟು ಜನ ಹೆಂಗಸರು ಸವೆದರು ಅಂತ ತಿಳಿದುಕೊಂಡು ಹಾಕು.

ಮೊದಲು ನಮ್ಮ ಮನೆಯದೇ ಹೇಳುತ್ತೇನೆ. ನಮ್ಮ ನಡುಮನೆಯ ಗೋಡೆಯಲ್ಲಿ ಒಂದು ಫೋಟೋ ಇದೆಯಲ್ಲ, ಸೆರಗು ತಲೆ ಮೇಲೆ ಹೊದ್ದು ನೆಲ ನೋಡುತ್ತಾ ಕೂತವರು, ಅವರು ನಮ್ಮ ಅಪ್ಪನ ಅಕ್ಕ. ನಾವು ದೊಡ್ಡತ್ತೆ ಅನ್ನುತ್ತಿದ್ದೆವು. ಹುಟ್ಟಿದ್ದು 1904ರಲ್ಲಿ. ಒಂಬತ್ತನೇ ವರ್ಷಕ್ಕೆ ಮದುವೆ. ಆಗ ಮೈಸೂರು ಸೀಮೆಯಲ್ಲಿ ಶಿಶುವಿವಾಹ ತಡೆಯುವ ಕಾನೂನು ಇತ್ತು. 1894ರಲ್ಲೇ ಬಂದಿತ್ತು. ಆದರೆ ಅದು ತಡೆದದ್ದು ಎಂಟು ವರ್ಷ ತುಂಬದ ಹುಡುಗಿಯರ ಮದುವೆಯನ್ನು. ಜೊತೆಗೆ, ಐವತ್ತು ದಾಟಿದ ಗಂಡಸು ಹದಿನಾಲ್ಕು ತುಂಬದ ಹುಡುಗಿಯನ್ನು ಮದುವೆಯಾಗಬಾರದು ಅಂತಲೂ ಇತ್ತು. ಅಂಥದ್ದಕ್ಕೆ ಕಾನೂನು ಮಾಡಬೇಕಾಗಿ ಬಂತು ಅಂದರೆ ಆಗ ಏನು ನಡೆಯುತ್ತಿತ್ತು ಅಂತ ನೀನೇ ಯೋಚನೆ ಮಾಡು. ದೊಡ್ಡತ್ತೆಗೆ ಒಂಬತ್ತು. ಹಾಗಾಗಿ ಎಲ್ಲವೂ ಕಾನೂನು ಪ್ರಕಾರವೇ ಆಯಿತು.

1918ರ ಇನ್‌ಫ್ಲುಯೆಂಜಾದಲ್ಲಿ ಗಂಡ ಹೋದರು. ಇವರಿಗೆ ಹದಿನಾಲ್ಕು. ತಲೆಗೂದಲು ತೆಗೆಸಿದರು, ಕೆಂಪು ಸೀರೆ ಉಡಿಸಿದರು, ತವರಿಗೆ ಕಳಿಸಿದರು. ಅಲ್ಲಿಂದ ನಮ್ಮ ಮನೆಯ ಹಿತ್ತಲು, ಒಲೆ, ಬಾವಿಕಟ್ಟೆ ಇಷ್ಟೇ ಅವರ ಪ್ರಪಂಚ. ಮದುವೆ ಮುಂಜಿ ಅಂದರೆ ಅವರೇ ಅಡುಗೆ ಮಾಡಬೇಕು, ಚಪ್ಪರಕ್ಕೆ ಬರಬಾರದು. ನಾನು ಚಿಕ್ಕವಳಿದ್ದಾಗ ಇದೆಲ್ಲ ಸಹಜ ಅಂದುಕೊಂಡಿದ್ದೆ. ಅದನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಆ ಹೊತ್ತಿಗೆ ನಮ್ಮ ಅಪ್ಪನಿಗೆ ಎಂಟು ವರ್ಷ, ಸ್ಕೂಲಿಗೆ ಹೋಗುತ್ತಿದ್ದರು. ತಮ್ಮನಿಗೆ ಕಾಗುಣಿತ ಬಾಯಿಪಾಠ ಮಾಡಿಸುವ ನೆಪದಲ್ಲಿ ದೊಡ್ಡತ್ತೆ ತಾವೂ ಕಲಿತರು. ಎರಡು ವರ್ಷದಲ್ಲಿ ತಮ್ಮನಿಗಿಂತ ಚೆನ್ನಾಗಿ ಓದುತ್ತಿದ್ದರಂತೆ. ಓದಲು ಏನು ಸಿಗುತ್ತಿತ್ತು ಗೊತ್ತಾ? ನಮ್ಮ ಊರಿನಲ್ಲೇ, ನಂಜನಗೂಡಿನಲ್ಲೇ, ಅವರಂಥದ್ದೇ ಒಬ್ಬ ಹೆಂಗಸು ಹೊರಡಿಸುತ್ತಿದ್ದ ಮಾಸಪತ್ರಿಕೆ! ಪಕ್ಕದ ಮನೆಗೆ ಬರುತ್ತಿತ್ತು, ಮಧ್ಯಾಹ್ನದ ಕೆಲಸ ಮುಗಿದ ಮೇಲೆ ಇಸಕೊಂಡು ಬಂದು ಓದುತ್ತಿದ್ದರು.

ಆ ಹೆಂಗಸು ತಿರುಮಲಾಂಬ. 1887ರಲ್ಲಿ ಹುಟ್ಟಿದವರು. ಹತ್ತಕ್ಕೆ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ತಂದೆ ವಕೀಲರು, ಮನೆಯಲ್ಲೇ ಓದು ಹೇಳಿಕೊಟ್ಟರು. 1913ರಲ್ಲಿ ಆಕೆ 'ಸತೀಹಿತೈಷಿಣಿ' ಅಂತ ತಮ್ಮದೇ ಪ್ರಕಾಶನ ಶುರು ಮಾಡಿದರು. ತಮ್ಮ ಕಾದಂಬರಿಯನ್ನು ತಾವೇ ಅಚ್ಚು ಹಾಕಿಸಿದರು. ನಾಲ್ಕೈದು ವರ್ಷದೊಳಗೆ 'ಕರ್ನಾಟಕ ನಂದಿನಿ' ಅಂತ ಪತ್ರಿಕೆಯನ್ನೂ ನಡೆಸಿದರು. ನೋಡು, ಶುಭಕಾರ್ಯಕ್ಕೆ ಎದುರು ಬಂದರೆ ಅಪಶಕುನ ಅನ್ನುತ್ತಿದ್ದ ಕಾಲ. ಅಂಥ ಒಬ್ಬಾಕೆಯ ಹೆಸರು ಹೊತ್ತ ಪತ್ರಿಕೆ ಅಂಚೆಯಲ್ಲಿ ಮುತ್ತೈದೆಯರ ಮನೆ ಬಾಗಿಲಿಗೇ ಬರುತ್ತಿತ್ತು. ಅದನ್ನು ಯಾರೂ ಅಪಶಕುನ ಅನ್ನಲಿಲ್ಲ.

ಅವರ ಪುಸ್ತಕ ಈಗ ನೀನು ಓದಿದರೆ ನಿನಗೆ ಬೇಜಾರಾಗಬಹುದು. ಪತಿಭಕ್ತಿ ಜಾಸ್ತಿ ಇದೆ. ಪ್ರಕಾಶನದ ಹೆಸರಿನಲ್ಲೇ 'ಸತಿ' ಇದೆ. ಇದೇನು ಸುಧಾರಣೆ ಅಂತ ನೀನು ಕೇಳಬಹುದು. ನಾನೂ ಮೊದಲು ಹಾಗೆ ಅಂದುಕೊಂಡಿದ್ದೆ. ಆಮೇಲೆ ಅನ್ನಿಸಿತು, ಆ ಹೆಸರು ಇಲ್ಲದಿದ್ದರೆ ಆ ಪುಸ್ತಕ ಎಷ್ಟು ಮನೆಯ ಹೊಸಿಲು ದಾಟುತ್ತಿತ್ತು? ಗಂಡಸರು ನೋಡಿ "ಒಳ್ಳೆಯದೇ ಇದೆ, ಓದಿಕೊಳ್ಳಿ" ಅನ್ನಬೇಕಿತ್ತು. ಅಂದರು. ಒಳಗೆ ಹೆಣ್ಣುಮಕ್ಕಳು ಓದಬೇಕು ಅಂತ ಬರೆದಿತ್ತು. ನಮ್ಮ ದೊಡ್ಡತ್ತೆಗೆ ಬೇಕಾಗಿದ್ದದ್ದು ಅಷ್ಟೇ. ಬೆಂಗಳೂರಿನಲ್ಲಿ ಕಲ್ಯಾಣಮ್ಮ ಅಂತ ಇನ್ನೊಬ್ಬರು ಇದ್ದರು, ಅವರೂ ಬಾಲವಿಧವೆಯೇ. 1921ರಲ್ಲಿ 'ಸರಸ್ವತಿ' ಅಂತ ಮಾಸಪತ್ರಿಕೆ ಶುರು ಮಾಡಿ ನಲವತ್ತು ವರ್ಷಕ್ಕೂ ಜಾಸ್ತಿ ನಡೆಸಿದರು. ಅದು ನನಗೂ ನೆನಪಿದೆ. ಹಳೆಯ ಸಂಚಿಕೆಗಳನ್ನು ದೊಡ್ಡತ್ತೆ ಟ್ರಂಕಿನಲ್ಲಿ ಇಟ್ಟುಕೊಂಡಿದ್ದರು.

ಈಗ ಆ ಟ್ರಂಕಿನಲ್ಲಿ ಇದ್ದ ಇನ್ನೊಂದು ಕಾಗದದ ವಿಷಯ. ಇದನ್ನು ನಿನಗೆ ಯಾವತ್ತೂ ಹೇಳಿರಲಿಲ್ಲ.

1936ರಲ್ಲಿ ದೊಡ್ಡತ್ತೆಯ ಗಂಡನ ಮನೆಯವರು ಪಾಲಾದರು. ಮೈದುನಂದಿರು ಇಬ್ಬರು ಒಂದು ಕಾಗದ ಬರೆಸಿಕೊಂಡು ಬಂದರು. ಇವರು ಎಲ್ಲ ಹಕ್ಕೂ ಬಿಟ್ಟುಕೊಟ್ಟರೆ ವರ್ಷಕ್ಕೆ ಎರಡು ಪಲ್ಲ ಭತ್ತ ಜೀವನಾಂಶಕ್ಕೆ ಕೊಡುತ್ತೇವೆ ಅಂತ. ಬಂದವರು ಶಾಯಿ ಪ್ಯಾಡು ತಂದಿದ್ದರು, ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕೆ. ದೊಡ್ಡತ್ತೆ ಬಾಗಿಲ ಮರೆಯಲ್ಲಿ ನಿಂತಿದ್ದವರು ಕೈ ಚಾಚಿದರು. ಹೆಬ್ಬೆಟ್ಟಿಗೆ ಅಲ್ಲ, ಕಾಗದಕ್ಕೆ. "ಕೊಡಿ, ಓದ್ತೀನಿ" ಅಂದರಂತೆ. ಬಂದವರಿಗೆ ಮಾತೇ ಹೊರಡಲಿಲ್ಲ. ನಿಂತುಕೊಂಡೇ, ಗಟ್ಟಿಯಾಗಿ, ಮೊದಲಿನಿಂದ ಕೊನೆಯ ತನಕ ಓದಿದರು. ಒಂದು ಸಾಲಿಗೆ ಬಂದು ನಿಲ್ಲಿಸಿದರು. 'ನಮ್ಮ ಮನೆಯಲ್ಲಿ ವಾಸವಾಗಿರುವ ಪರ್ಯಂತ' ಅಂತ ಇತ್ತು. ಹದಿನೆಂಟು ವರ್ಷದಿಂದ ಅವರು ತವರಿನಲ್ಲಿದ್ದರಲ್ಲ! ಆ ಸಾಲು ಇದ್ದರೆ ಒಂದು ಸೇರು ಭತ್ತವೂ ಕೊಡಬೇಕಾಗಿರಲಿಲ್ಲ. "ಇದನ್ನ ಹೊಡೀರಿ, 'ಜೀವಿತ ಪರ್ಯಂತ' ಅಂತ ಬರೀರಿ" ಅಂದರು. ಹೊಡೆದು ಬರೆದರು. ಆಮೇಲೆ ದೊಡ್ಡತ್ತೆ ಹೆಬ್ಬೆಟ್ಟು ಒತ್ತಲಿಲ್ಲ, ಸಹಿ ಹಾಕಿದರು. 1961ರಲ್ಲಿ ಅವರು ತೀರಿಕೊಳ್ಳುವ ವರ್ಷದ ತನಕ ಆ ಭತ್ತ ಗಾಡಿಯಲ್ಲಿ ಬರುತ್ತಿತ್ತು. ಮೂಟೆ ಇಳಿಸುವಾಗ ನಾವು ಮಕ್ಕಳೆಲ್ಲ ಮೇಲೆ ಹತ್ತಿ ಕೂರುತ್ತಿದ್ದೆವು.

ಇಷ್ಟೇ ಆಗಿದ್ದರೆ ಚೆನ್ನಾಗಿರುತ್ತಿತ್ತು. ಆದರೆ ಪೂರ್ತಿ ಹೇಳಬೇಕಲ್ಲ. ಆ ಕಾಗದ ಬಂದದ್ದಕ್ಕೆ ಮೂರು ವರ್ಷ ಮುಂಚೆ, 1933ರಲ್ಲಿ, ಮೈಸೂರು ಸರ್ಕಾರ ಹಿಂದೂ ಸ್ತ್ರೀಯರ ಹಕ್ಕಿನ ಕಾನೂನು ತಂದಿತ್ತು. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲ, ಮಿರ್ಜಾ ಇಸ್ಮಾಯಿಲ್ ದಿವಾನರು. ಒಟ್ಟು ಕುಟುಂಬ ಪಾಲಾದಾಗ ತಾಯಿಗೆ ಒಬ್ಬ ಮಗನ ಪಾಲಿನ ಅರ್ಧ, ಮದುವೆಯಾಗದ ಮಗಳಿಗೆ ಒಬ್ಬ ಅಣ್ಣನ ಪಾಲಿನ ಕಾಲುಭಾಗ, ಗಂಡುಮಕ್ಕಳಿಲ್ಲದ ವಿಧವೆ ಸೊಸೆಗೆ ಅವಳ ಗಂಡನಿಗೆ ಬರಬೇಕಿದ್ದದ್ದರಲ್ಲಿ ಅರ್ಧ ಕೊಡಬೇಕು ಅಂತ ಅದರಲ್ಲಿತ್ತು. ಬ್ರಿಟಿಷರ ಸೀಮೆಯಲ್ಲಿ ವಿಧವೆಯರಿಗೆ ಇಂಥ ಕಾನೂನು ಬಂದದ್ದು 1937ರಲ್ಲಿ. ಅದರಲ್ಲೂ ಹೆಣ್ಣುಮಕ್ಕಳಿಗೆ ಪಾಲಿನ ಮಾತಿರಲಿಲ್ಲ. ಅಂದರೆ ನಮ್ಮ ಸೀಮೆ ಮುಂದೆ ಇತ್ತು.

ಆದರೆ ದೊಡ್ಡತ್ತೆಗೆ ಅದನ್ನು ಯಾರು ಹೇಳಬೇಕು? ಬಂದ ಮೈದುನಂದಿರು ಹೇಳಲಿಲ್ಲ. ನಮ್ಮ ತಾತನಿಗೂ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೂ ಸಂಬಂಧ ಕೆಡುತ್ತದೆ ಅಂತ ಸುಮ್ಮನಿರುತ್ತಿದ್ದರೇನೋ. ಗಂಡನ ಪಾಲಿನ ಅರ್ಧ ಹೋಗಿ ಎರಡು ಪಲ್ಲ ಭತ್ತ ಉಳಿಯಿತು. ಬಹಳ ವರ್ಷದ ಮೇಲೆ ಅಪ್ಪ ಆ ಕಾನೂನಿನ ವಿಷಯ ಹೇಳಿದಾಗ ದೊಡ್ಡತ್ತೆ ಅಕ್ಕಿ ಆರಿಸುತ್ತಿದ್ದರಂತೆ. ತಲೆ ಎತ್ತದೆ, "ಅಕ್ಷರ ಗೊತ್ತಿತ್ತು ಕಣೋ, ಲೆಕ್ಕ ಗೊತ್ತಿರ್ಲಿಲ್ಲ" ಅಂದರಂತೆ. ಅಪ್ಪ ಈ ಮಾತನ್ನು ನನಗೆ ಎಷ್ಟೋ ಸಲ ಹೇಳಿದ್ದಾರೆ, ಪ್ರತಿ ಸಲವೂ ಅವರ ಗಂಟಲು ಕಟ್ಟುತ್ತಿತ್ತು.

ನಿನಗೆ ಈಗ ಕಮಲಾದೇವಿ ಚಟ್ಟೋಪಾಧ್ಯಾಯರ ತಾಯಿಯ ವಿಷಯ ಹೇಳಬೇಕು. ಕಮಲಾದೇವಿ ಅಂದರೆ ಕೈಮಗ್ಗ, ಕರಕುಶಲ ಅಂತ ನಿಮಗೆಲ್ಲ ಗೊತ್ತು. 1926ರಲ್ಲಿ ಮದರಾಸು ಶಾಸನಸಭೆಗೆ ಚುನಾವಣೆಗೆ ನಿಂತು ಸ್ವಲ್ಪದರಲ್ಲಿ ಸೋತವರು. ಹುಟ್ಟಿದ್ದು ಮಂಗಳೂರಿನಲ್ಲಿ, 1903ರಲ್ಲಿ. ದೊಡ್ಡತ್ತೆಗಿಂತ ಒಂದು ವರ್ಷ ದೊಡ್ಡವರು, ಅವರೂ ಬಾಲ್ಯದಲ್ಲೇ ಗಂಡನನ್ನು ಕಳೆದುಕೊಂಡವರು. ಆಮೇಲೆ ತಮಗೆ ಬೇಕಾದವರನ್ನು ಮದುವೆಯಾದರು, ದೊಡ್ಡ ಗಲಾಟೆ ಆಯಿತು. ಅವರಿಗೆ ಏಳು ವರ್ಷವಿದ್ದಾಗ ತಂದೆ ತೀರಿಕೊಂಡರು. ಸರ್ಕಾರದಲ್ಲಿ ದೊಡ್ಡ ಹುದ್ದೆ, ದೊಡ್ಡ ಮನೆ, ಆಸ್ತಿ ಎಲ್ಲ ಇತ್ತು. ಉಯಿಲು ಮಾತ್ರ ಬರೆದಿರಲಿಲ್ಲ. ಕಾನೂನು ಪ್ರಕಾರ ಎಲ್ಲವೂ ಮೊದಲ ಹೆಂಡತಿಯ ಮಗನಿಗೆ ಹೋಯಿತು. ಬಾಳಿದ ಹೆಂಡತಿ ಗಿರಿಜಾಬಾಯಿಗೆ, ಹೆಣ್ಣುಮಕ್ಕಳಿಗೆ, ತಿಂಗಳಿಗಿಷ್ಟು ಅಂತ ಜೀವನಾಂಶ. ಗಿರಿಜಾಬಾಯಿ ಆ ಜೀವನಾಂಶವನ್ನು ಮುಟ್ಟಲಿಲ್ಲ. ತವರಿನಿಂದ ತಂದಿದ್ದ ಆಸ್ತಿಯಲ್ಲೇ ಮಕ್ಕಳನ್ನು ಸಾಕಿದರು.

ಇದನ್ನು ಓದಿದಾಗ ನನಗೆ ಅನ್ನಿಸಿದ್ದು ಇದು. ಮೊನ್ನೆ ತನಕ ಯಜಮಾನಿ ಆಗಿದ್ದವಳು ಗಂಡ ಸತ್ತ ಮಾರನೇ ದಿನ ಅದೇ ಮನೆಯಲ್ಲಿ ಪರಾಯಿ. ಆ ಮನೆಯಲ್ಲಿ ಬೆಳೆದ ಹೆಣ್ಣುಮಗು ಜೀವನವಿಡೀ ಹೆಂಗಸರ ಹಕ್ಕಿಗಾಗಿ ಓಡಾಡಿದ್ದು ಆಶ್ಚರ್ಯವೇ ಅಲ್ಲ. ಈಗ ನೀನು ನಿನ್ನ ಅಮ್ಮನ ವಿಷಯ ಯೋಚನೆ ಮಾಡು. ಆ ಮಾತಿಗೆ ಆಮೇಲೆ ಬರುತ್ತೇನೆ.

ನಮ್ಮ ಊರಿನದೇ ಇನ್ನೊಬ್ಬಾಕೆಯನ್ನು ಬಿಟ್ಟರೆ ನನ್ನ ಮನಸ್ಸು ಒಪ್ಪುವುದಿಲ್ಲ. ಚಿಕ್ಕಂದಿನಲ್ಲಿ ನಮ್ಮ ಮನೆಗಳಲ್ಲಿ ಇವರ ಹೆಸರನ್ನು ಮೆಲ್ಲಗೆ ಹೇಳುತ್ತಿದ್ದರು. ತಿರುಮಲಾಂಬ ಅವರ ಹೆಸರನ್ನು ಗಟ್ಟಿಯಾಗಿ ಹೇಳುತ್ತಿದ್ದರು. ಆ ವ್ಯತ್ಯಾಸ ಯಾಕೆ ಅಂತ ದೊಡ್ಡವಳಾದ ಮೇಲೆ ಅರ್ಥವಾಯಿತು. ಬೆಂಗಳೂರು ನಾಗರತ್ನಮ್ಮ, ಹುಟ್ಟಿದ್ದು 1878ರಲ್ಲಿ, ನಂಜನಗೂಡಿನಲ್ಲಿ. ದೇವದಾಸಿ ಮನೆತನ. ತಂದೆ ಕಡೆಯವರು ಕೈಬಿಟ್ಟ ಮೇಲೆ ತಾಯಿ ಪುಟ್ಟಲಕ್ಷ್ಮಮ್ಮ ಕಷ್ಟಪಟ್ಟು ಮಗಳಿಗೆ ಸಂಸ್ಕೃತ, ಸಂಗೀತ ಕಲಿಸಿದರು. ಮಗಳು ಮದರಾಸಿಗೆ ಹೋಗಿ ಹಾಡಿ, ಸಂಪಾದಿಸಿ, ಆದಾಯ ತೆರಿಗೆ ಕಟ್ಟುವ ಮಟ್ಟಕ್ಕೆ ಬೆಳೆದರು.

1910ರಲ್ಲಿ ಈಕೆ ಮುದ್ದುಪಳನಿ ಎಂಬ ಹದಿನೆಂಟನೇ ಶತಮಾನದ ಕವಯಿತ್ರಿಯ ತೆಲುಗು ಕಾವ್ಯವನ್ನು ಪರಿಷ್ಕರಿಸಿ ಅಚ್ಚು ಹಾಕಿಸಿದರು. ಮುದ್ದುಪಳನಿಯೂ ತಂಜಾವೂರಿನ ಆಸ್ಥಾನದ ಗಣಿಕೆ. ಅಶ್ಲೀಲ ಅಂತ ದೊಡ್ಡವರೆಲ್ಲ ಸಿಟ್ಟಾದರು. 1911ರಲ್ಲಿ ಸರ್ಕಾರ ಪುಸ್ತಕಕ್ಕೆ ನಿಷೇಧ ಹಾಕಿತು. ಅದು ತೆರವಾದದ್ದು 1947ರಲ್ಲಿ. ಆ ಕವಯಿತ್ರಿಯನ್ನು ಹೀನಾಯವಾಗಿ ಬರೆದವರಲ್ಲಿ ಕಂದುಕೂರಿ ವೀರೇಶಲಿಂಗಂ ಇದ್ದರು. ಆಂಧ್ರದಲ್ಲಿ ವಿಧವಾ ವಿವಾಹ ಮಾಡಿಸಿದ ಮಹಾನುಭಾವರು ಅವರು. ವಿಧವೆಯ ಕಣ್ಣೀರು ಕಂಡವರಿಗೆ ಗಣಿಕೆಯ ಕವಿತೆ ಸಹಿಸಲು ಆಗಲಿಲ್ಲ. ನನಗೆ ಅವರ ಮೇಲೆ ಗೌರವ ಇದೆ, ಆದರೂ ಈ ವಿಷಯ ನೋವು ಕೊಡುತ್ತದೆ.

ಆ ಪುಸ್ತಕ ಅಚ್ಚಾಗುವುದಕ್ಕೆ ಒಂದು ವರ್ಷ ಮುಂಚೆ, 1909ರಲ್ಲಿ, ಮೈಸೂರು ಸರ್ಕಾರ ಮುಜರಾಯಿ ದೇವಸ್ಥಾನಗಳಲ್ಲಿ ದೇವದಾಸಿಯರ ಸೇವೆ ನಿಲ್ಲಿಸಿತು. ಒಳ್ಳೆಯದೇ ಅಂತ ನಾವು ಪುಸ್ತಕದಲ್ಲಿ ಓದಿದ್ದೇವೆ. ಚಿಕ್ಕ ಹುಡುಗಿಯರನ್ನು ಆ ಬಾಳಿಗೆ ದೂಡುವುದು ನಿಲ್ಲಲೇಬೇಕಿತ್ತು, ಅದರಲ್ಲಿ ಎರಡು ಮಾತಿಲ್ಲ. ಆದರೆ ಆಗಲೇ ಆ ಬಾಳಿನಲ್ಲಿದ್ದವರಿಗೆ ಸೇವೆ ಹೋಯಿತು, ಅದರ ಜೊತೆ ಅನ್ನ ಹೋಯಿತು, ಕಲೆಗಿದ್ದ ಮರ್ಯಾದೆ ಹೋಯಿತು. ತಾಯಿಯ ಆಸ್ತಿ ಮಗಳಿಗೆ ಬರುವ ಪದ್ಧತಿ ಆ ಮನೆತನಗಳಲ್ಲಿತ್ತು. ನಮ್ಮಂಥ ಮನೆಗಳಲ್ಲಿ ಇಲ್ಲದ್ದು ಅದು. ಹೆಂಗಸರಿಗೆ ಒಳ್ಳೆಯದಾಗಲಿ ಅಂತ ಕಾನೂನು ಮಾಡಿದವರು ಅವರನ್ನು ಕೂರಿಸಿ ಒಂದು ಮಾತು ಕೇಳಬೇಕಿತ್ತು ಅಂತ ನನಗೆ ಈಗಲೂ ಅನ್ನಿಸುತ್ತದೆ.

ನಾಗರತ್ನಮ್ಮ ಮಾತ್ರ ತಮ್ಮ ದುಡ್ಡನ್ನು ತಾವೇ ಆಳಿದರು. 1920ರ ದಶಕದಲ್ಲಿ ತಿರುವಯ್ಯಾರಿನಲ್ಲಿ ಪಾಳು ಬಿದ್ದಿದ್ದ ತ್ಯಾಗರಾಜರ ಸಮಾಧಿಯ ಜಾಗ ಕೊಂಡು, ಒಡವೆ ಮಾರಿ, ಗುಡಿ ಕಟ್ಟಿಸಿದರು. ಆ ಗುಡಿಯ ಎದುರು ನಡೆಯುವ ಆರಾಧನೆಯಲ್ಲಿ ಹೆಂಗಸರು ಹಾಡುವ ಹಾಗಿಲ್ಲ ಅಂದರು. ಕಟ್ಟಿಸಿದವಳೇ ಹಾಡುವ ಹಾಗಿಲ್ಲ! ಅವರು ಜಗಳ ಆಡುತ್ತಾ ಕೂರಲಿಲ್ಲ, ಹೆಂಗಸರನ್ನೇ ಕೂಡಿಸಿಕೊಂಡು ಬೇರೆ ಆರಾಧನೆ ನಡೆಸಿದರು. 1940ರ ಹೊತ್ತಿಗೆ ಎಲ್ಲರೂ ಒಂದಾಗಬೇಕಾಯಿತು. 1952ರಲ್ಲಿ ತೀರಿಕೊಳ್ಳುವ ಮುಂಚೆ ಉಯಿಲು ಬರೆದು, ಆಸ್ತಿಯನ್ನು ಆ ಗುಡಿಗೇ ಬಿಟ್ಟರು. ದೇವದಾಸಿಯರೂ ಸೇರಿ ಹೆಂಗಸರಿಗೆ ಅಲ್ಲಿ ಪೂಜೆಗೆ, ಹಾಡುವುದಕ್ಕೆ ಹಕ್ಕಿರಬೇಕು ಅಂತ ಷರತ್ತು ಹಾಕಿದರು. ಅವರ ಸಮಾಧಿಯೂ ತ್ಯಾಗರಾಜರ ಎದುರಿನಲ್ಲೇ ಇದೆ. ಅವರು ಆಸ್ತಿ ಬಿಟ್ಟುಕೊಟ್ಟದ್ದು ಹೀಗೆ ಪುಟ್ಟಿ. ಪೂರ್ತಿ ತಿಳಿದು, ತಮ್ಮ ಮಾತು ಅದರಲ್ಲಿ ಬರೆಸಿ.

ಒಂದೇ ಊರಿನ ಇಬ್ಬರು, ಒಂಬತ್ತು ವರ್ಷದ ಅಂತರ. ಒಬ್ಬರ ಪುಸ್ತಕ ದೇವರ ಮನೆಯ ಪಕ್ಕದ ಗೂಡಿನಲ್ಲಿ, ಇನ್ನೊಬ್ಬರ ಪುಸ್ತಕ ಪೊಲೀಸರ ಕೈಯಲ್ಲಿ. ಇಬ್ಬರೂ ಯಾವತ್ತಾದರೂ ಎದುರು ಬದುರು ಕೂತು ಮಾತಾಡಿದ್ದಿದ್ದರೆ ಅಂತ ನಾನು ಕಪಿಲೆಯ ಮೆಟ್ಟಿಲ ಮೇಲೆ ಕೂತು ಎಷ್ಟು ಸಲ ಅಂದುಕೊಂಡಿದ್ದೇನೋ.

ಇನ್ನೊಂದು ವಿಷಯ ಮರೆಯಬಾರದು. ಆಗಿನ ಕಾಲದಲ್ಲಿ ಹೆಣ್ಣು ಮನೆಯಿಂದ ಹೊರಗೆ ಬಂದಳು ಅಂತ ನಾವು ಹೇಳುತ್ತೇವಲ್ಲ, ಅದು ನಮ್ಮಂಥ ಮನೆಗಳ ಮಾತು. ಗದ್ದೆಯಲ್ಲಿ ನಾಟಿ ಮಾಡಿದವರು, ಕಳೆ ಕಿತ್ತವರು, ಸಂತೆಯಲ್ಲಿ ಸೊಪ್ಪು ಮಾರಿದವರು ಒಳಗೆ ಇದ್ದದ್ದು ಯಾವಾಗ? ಅವರ ಕೂಲಿ ಗಂಡಸರ ಕೂಲಿಗಿಂತ ಕಡಿಮೆ, ಹೊಲದ ಪತ್ರದಲ್ಲಿ ಹೆಸರಂತೂ ಇಲ್ಲ. ನಮ್ಮ ಹಿತ್ತಲಿನ ಕೆಲಸಕ್ಕೆ ಬರುತ್ತಿದ್ದಾಕೆಗೆ ದೊಡ್ಡತ್ತೆಯಷ್ಟೇ ವಯಸ್ಸು. ಗಂಡ ಹೋದ ಮೇಲೆ ಅವರ ಪದ್ಧತಿಯಂತೆ ಕೂಡಾವಳಿ ಮಾಡಿಕೊಂಡು ಮತ್ತೆ ಸಂಸಾರ ಮಾಡಿದರು. ದೊಡ್ಡತ್ತೆ ಅವರನ್ನು ನೋಡಿ, "ನಿನ್ನ ಪುಣ್ಯ" ಅನ್ನುತ್ತಿದ್ದರು. ಅದಕ್ಕೆ ಆಕೆ, "ನಿಮಗೆ ಹೊಟ್ಟೆಗಿದೆಯಲ್ಲವ್ವಾ" ಅನ್ನುತ್ತಿದ್ದರು. ಚಿಕ್ಕವಳಾಗಿ ನಾನು ಆ ಇಬ್ಬರ ನಡುವೆ ಕೂತು ಹುಣಸೆಹಣ್ಣು ಬಿಡಿಸುತ್ತಿದ್ದೆ. ಇಬ್ಬರ ಮಾತೂ ನಿಜವೇ.

ಈಗ ನನ್ನ ವಿಷಯ. ಇದನ್ನು ಬರೆಯಲು ಪೆನ್ನು ಎತ್ತಿ ಇಟ್ಟು ಎರಡು ಸಲ ಮಾಡಿದೆ.

ನಾನು 1962ರಲ್ಲಿ ಎಸ್ಸೆಸ್ಸೆಲ್ಸಿ ಪಾಸಾದವಳು. ಇಂಗ್ಲಿಷಿನಲ್ಲಿ ಅರ್ಜಿ ಬರೆಯಲು ಬರುತ್ತಿತ್ತು. 1979ರಲ್ಲಿ ನಮ್ಮ ಅಪ್ಪ ಹೋದರು. ವೈಕುಂಠ ಸಮಾರಾಧನೆಯ ದಿನ, ಊಟದ ಎಲೆ ತೆಗೆದ ಮೇಲೆ, ಒಂದು ಛಾಪಾ ಕಾಗದ ತಂದರು. ಜೊತೆಗೆ ತಟ್ಟೆಯಲ್ಲಿ ಅರಿಶಿನ ಕುಂಕುಮ, ರವಿಕೆ ಕಣ, ಒಂದು ಸೀರೆ. "ಇಲ್ಲೊಂದು ಸಹಿ" ಅಂದರು. ಮನೆ ತುಂಬ ನೆಂಟರು. ಓದುತ್ತೇನೆ ಅಂದರೆ ನಂಬಿಕೆ ಇಲ್ಲ ಅಂದುಕೊಳ್ಳುತ್ತಾರೆ, ತವರು ತಪ್ಪಿಹೋಗುತ್ತದೆ, ಗೌರಿ ಹಬ್ಬಕ್ಕೆ ಕರೆಯುವವರು ಇರುವುದಿಲ್ಲ ಅಂತ ಭಯ. ಓದಲಿಲ್ಲ. ಸಹಿ ಹಾಕಿದೆ. ನಿನ್ನ ಅಮ್ಮ ಆಗ ಇನ್ನೂ ಚಿಕ್ಕವಳು, ನಾನು ಹಾಕಿದ್ದು ನೋಡಿ ಅವಳೂ ಹಾಕಿದಳು. 1956ರ ಕಾನೂನು ನಮಗೆ ಅಪ್ಪನ ಆಸ್ತಿಯಲ್ಲಿ ಹಕ್ಕು ಕೊಟ್ಟು ಇಪ್ಪತ್ತಮೂರು ವರ್ಷ ಆಗಿತ್ತು.

ಆಸ್ತಿ ಹೋಯಿತು ಅಂತ ನನಗೆ ದುಃಖವಿಲ್ಲ. ಕೇಳಿದ್ದರೆ ನಾನೇ ಕೊಡುತ್ತಿದ್ದೆನೇನೋ. ಕೇಳಲಿಲ್ಲ, ನಾನು ಓದಲಿಲ್ಲ, ಇದು ದುಃಖ. ತಲೆ ಬೋಳಿಸಿಕೊಂಡು ಬಾಗಿಲ ಮರೆಯಲ್ಲಿ ನಿಂತಿದ್ದವರು ಸ್ಕೂಲಿನ ಮೆಟ್ಟಿಲು ಹತ್ತದೆ "ಕೊಡಿ, ಓದ್ತೀನಿ" ಅಂದಿದ್ದರು. ಅವರ ತೊಡೆಯ ಮೇಲೆ ಬೆಳೆದ ನಾನು ಅನ್ನಲಿಲ್ಲ. ನಿನ್ನ ಮೂಲಕವಾದರೂ ಅದು ಸರಿಹೋಗಲಿ ಅಂತ ಆಸೆ.

ನಿಮ್ಮ ಮನೆಯ ಲೆಕ್ಕ ಹೀಗಿದೆ. ಮೈಸೂರಿನ ಮನೆ ನಿನ್ನ ಅಪ್ಪ ಸ್ವಂತ ಸಂಪಾದನೆಯಲ್ಲಿ ಕಟ್ಟಿಸಿದ್ದು. ಉಯಿಲು ಬರೆದಿಲ್ಲ. ಹಾಗಿದ್ದಾಗ ಹೆಂಡತಿ, ಮಗ, ಮಗಳು ಮೂವರಿಗೂ ಸಮಪಾಲು. ಅಮ್ಮನಿಗೆ ಒಂದು, ಅಣ್ಣನಿಗೆ ಒಂದು, ನಿನ್ನದು ಒಂದು. ಒಟ್ಟು ಕುಟುಂಬದ ಆಸ್ತಿಯ ಮಾತು ಬಂದರೆ ಅದೂ ಈಗ ಹಾಗೇ ಇದೆ. ಕರ್ನಾಟಕದಲ್ಲಿ 1994ರಲ್ಲಿ ಮದುವೆಯಾಗದ ಹೆಣ್ಣುಮಕ್ಕಳಿಗೆ, ಇಡೀ ದೇಶದಲ್ಲಿ 2005ರಲ್ಲಿ ಎಲ್ಲ ಹೆಣ್ಣುಮಕ್ಕಳಿಗೂ, ಗಂಡುಮಕ್ಕಳಷ್ಟೇ ಹಕ್ಕು ಬಂತು. 1933ರ ಕಾಲುಭಾಗ ಪೂರ್ತಿ ಪಾಲಾಗುವುದಕ್ಕೆ ಎಪ್ಪತ್ತೆರಡು ವರ್ಷ ಹಿಡಿಯಿತು. ನೀನು ಅದನ್ನು ಫಾರ್ಮಾಲಿಟಿ ಅಂದೆಯಲ್ಲ, ನನಗೆ ಅದು ಚುಚ್ಚಿತು.

ಖಾತೆ ಅಂದರೆ ಕಂದಾಯ ಕಟ್ಟುವ ಲೆಕ್ಕ ಅಷ್ಟೇ. ಮರಣ ಪ್ರಮಾಣಪತ್ರ, ವಂಶವೃಕ್ಷ ಕೊಟ್ಟು ಮೂವರ ಹೆಸರಿಗೂ ಜಂಟಿ ಖಾತೆ ಮಾಡಿಸಬಹುದು. ಅದಕ್ಕೆ ಯಾರೂ ಹಕ್ಕು ಬಿಡಬೇಕಾಗಿಲ್ಲ. ರಿಲೀಸ್ ಡೀಡ್ ಬೇರೆ. ರಿಜಿಸ್ಟರ್ ಆದ ಮೇಲೆ ಮನಸ್ಸು ಬದಲಾಯಿತು ಅಂದರೆ ಆಗುವುದಿಲ್ಲ, ಕೋರ್ಟು ಹತ್ತಬೇಕು.

ನಿನಗೆ ಸಂಬಳ ಇದೆ, ಬೆಂಗಳೂರಿನಲ್ಲಿ ಸ್ವಂತ ಬಾಳು ಇದೆ, ನಿನ್ನ ಪಾಲು ಅಣ್ಣನಿಗೆ ಕೊಡಬೇಕು ಅಂತ ಅನ್ನಿಸಿದರೆ ಸಂತೋಷವಾಗಿ ಕೊಡು. ಅವನು ಕೆಟ್ಟವನಲ್ಲ, ನಾನು ಎತ್ತಿ ಆಡಿಸಿದ ಮಗು. ಅವನಿಗೂ ಯಾರೋ ಹೀಗೇ ಮಾಡು ಅಂತ ಹೇಳಿಕೊಟ್ಟಿರುತ್ತಾರೆ, ನಮ್ಮಲ್ಲಿ ಹೀಗೇ ನಡೆದುಬಂದಿದೆ. ಆದರೆ ಅಮ್ಮನ ಪಾಲು ಬಿಡಿಸಬೇಡ. ಅದು ಅವಳ ಹೆಸರಲ್ಲೇ ಇರಲಿ. ನಲವತ್ತು ವರ್ಷ ಆ ಮನೆಯ ಹೊಸಿಲಿಗೆ ಅರಿಶಿನ ಹಚ್ಚಿದವಳು, ಒಂದು ಸಹಿಯಿಂದ ಅಲ್ಲಿ ನೆಂಟಳಾಗಬಾರದು. ಅವಳಿಗೆ ಇದನ್ನು ಹೇಳಲು ಬಾಯಿ ಬರುವುದಿಲ್ಲ. ಮಗನ ಮುಂದೆ ಯಾವ ತಾಯಿಗೂ ಬರುವುದಿಲ್ಲ. ನೀನು ಹೇಳು. ಅಣ್ಣನನ್ನು ಒಬ್ಬನೇ ಕೂರಿಸಿಕೊಂಡು, ನೆಂಟರ ಮುಂದೆ ಅಲ್ಲ, ಕಾರ್ಯದ ದಿನವೂ ಅಲ್ಲ. ಜೋರಾಗಿ ಮಾತಾಡಬೇಡ, ಅಳಬೇಡ. "ನಾನು ಇದನ್ನು ಓದಬೇಕು, ಒಂದು ತಿಂಗಳು ಕೊಡು" ಅಂತ ಇಷ್ಟು ಹೇಳಿದರೆ ಸಾಕು. ಒಳ್ಳೆ ಮನಸ್ಸಿನವನಾದರೆ ಕೊಡುತ್ತಾನೆ. ಅವನು ಒಳ್ಳೆ ಮನಸ್ಸಿನವನೇ ಅಂತ ನನ್ನ ನಂಬಿಕೆ.

ಇವತ್ತು ರಾತ್ರಿಯೇ ಆ ಆರು ಪುಟ ಓದು. ಅರ್ಥವಾಗದ ಶಬ್ದಕ್ಕೆ ಗುರುತು ಹಾಕಿಕೋ. ನಿನ್ನ ಕಡೆಯಿಂದ ಒಬ್ಬ ವಕೀಲರಿಗೆ ತೋರಿಸು. ಕಾಗದ ಬರೆಸಿದವರ ಕಡೆಯವರಿಗೇ ಕೇಳಬೇಡ.

ನಾನು ಬುಧವಾರ ಬೆಳಿಗ್ಗೆ ಎಂಟೂವರೆ ಬಸ್ಸಿಗೆ ಹೊರಡುತ್ತೇನೆ. ದೊಡ್ಡತ್ತೆಯ ಆ ಕಾಗದ ನನ್ನ ಹತ್ತಿರವೇ ಇದೆ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ ತರುತ್ತೇನೆ. ಹೊಡೆದು ಹಾಕಿದ ಸಾಲು, ಅದರ ಮೇಲೆ ಬರೆದದ್ದು, ಕೆಳಗೆ ಅವರ ಸಹಿ ಎಲ್ಲ ಸ್ಪಷ್ಟವಾಗಿ ಕಾಣುತ್ತದೆ. ಅಕ್ಷರ ಸ್ವಲ್ಪ ಓರೆ. ಅಮ್ಮನಿಗೆ ಹೇಳು, ರಸಬಾಳೆ ಒಳ್ಳೆಯದು ಸಿಕ್ಕರೆ ಒಂದು ಚಿಪ್ಪು ತರುತ್ತೇನೆ ಅಂತ.

ಇಂತಿ ನಿನ್ನ ಪ್ರೀತಿಯ
ದೊಡ್ಡಮ್ಮ